ಗೋಡೆಯ ಮೇಲಿನ ಹಿರಿಯರು

ಬಾಗಲಕೋಟೆ ಸೀಮೆಯ ತೀರ ಹಳೆಯ ಛಾಯಾಚಿತ್ರಗಳಲ್ಲಿ ಕಾಣುವುದು ಗುಡಿಗಳು. 1855ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್, ವಿಜಾಪುರ, ಬಾದಾಮಿ, ಐಹೊಳೆ ಮತ್ತು ಪಟ್ಟದಕಲ್ಲುಗಳಲ್ಲಿ ಕ್ಯಾಮೆರಾ ಹೂಡಿದ. ಅವನ ಚಿತ್ರಗಳಲ್ಲಿ ಕೆಲವು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಗ್ರಂಥದಲ್ಲಿ ಸೇರಿದವು. ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಅದರ ಮೇಲೆ ಬಿಂಬ ಮೂಡಲು ಬಹಳ ಹೊತ್ತು ಬೇಕಾಗುತ್ತಿತ್ತು. ಕಲ್ಲು ಅಲುಗುವುದಿಲ್ಲ, ಮನುಷ್ಯ ಅಲುಗುತ್ತಾನೆ. ಚಾಲುಕ್ಯರ ಗುಡಿಗಳಿಗೆ ದಕ್ಕಿದ ಭಾವಚಿತ್ರದ ಭಾಗ್ಯ ಸುತ್ತಲಿನ ಜನಕ್ಕೆ ದಕ್ಕಲು ಇನ್ನೂ ಕಾಯಬೇಕಾಯಿತು.

ಆ ಅಡ್ಡಿಯನ್ನು ಕಳೆದದ್ದು ರಸಾಯನವಿದ್ಯೆ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಫಲಕಕ್ಕೆ ಕೊಲೋಡಿಯನ್ ಲೇಪಿಸುವ ಕ್ರಮವನ್ನು ಪ್ರಕಟಿಸಿದ. ಕಾಲ ಉಳಿಯಿತಾದರೂ ಫಲಕ ಹಸಿಯಾಗಿರುವಾಗಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಕತ್ತಲೆ ಕೋಣೆ ಛಾಯಾಗ್ರಾಹಕನ ಬೆನ್ನಿಗೇ ಇರಬೇಕಿತ್ತು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಒಣ ಫಲಕದ ದಾರಿ ತೋರಿಸಿದ ಮೇಲೆ ಈ ಕಸುಬು ಸಣ್ಣ ಊರುಗಳಿಗೂ ನಡೆದು ಬರುವುದು ಸಾಧ್ಯವಾಯಿತು. ಹಾಗೆ ಬಂದ ಕೂಡಲೇ ಎದ್ದ ಪ್ರಶ್ನೆ, ಯಾರ ಕೈಯಲ್ಲಿ ಫೋಟೋ ತೆಗೆಸಿಕೊಳ್ಳಬೇಕು ಎಂಬುದು.

ಮೊದಲು ನೋಡುತ್ತಿದ್ದದ್ದು ನಂಬಿಕೆ. ಮನೆಯ ಹೆಣ್ಣುಮಕ್ಕಳನ್ನು ಪರಪುರುಷನ ಎದುರು ಕೂರಿಸುವುದು ಹೇಗೆ? ಹೈದರಾಬಾದಿನಲ್ಲಿ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಇದಕ್ಕೆ ಉತ್ತರವಾಗಿ 1892ರಲ್ಲಿ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೊ ತೆರೆದ. ಅಲ್ಲಿ ಕ್ಯಾಮೆರಾ ಹಿಡಿದವಳೂ ಹೆಂಗಸೇ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಅಂಜಿಕೆಯೂ ಜನರಲ್ಲಿತ್ತು. ಹೀಗಾಗಿ ಗುರುತಿನವನೋ, ಬೀಗರ ಮನೆಯಲ್ಲಿ ಈಗಾಗಲೇ ತೆಗೆದವನೋ ಆದರೆ ಮಾತ್ರ ಹಿರಿಯರು ಒಪ್ಪುತ್ತಿದ್ದರು.

ಎರಡನೆಯದು ಕಣ್ಣು. ಇಳಕಲ್ ಸೀರೆಯನ್ನೇ ನೋಡಬಹುದು. ಹಳೆಯ ಫಲಕಗಳಿಗೆ ನೀಲಿ ಬಣ್ಣ ಚೆನ್ನಾಗಿ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ಇಳಕಲ್ಲಿನ ಕೆಂಪು ಸೆರಗು ಚಿತ್ರದಲ್ಲಿ ಕಪ್ಪಾಗಿ, ತಿಳಿನೀಲಿಯ ಒಡಲು ಬೆಳ್ಳಗಾಗಿ ಕಾಣುವ ಅಪಾಯವಿತ್ತು. ಕಂದು ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಾಗುತ್ತಿತ್ತು. ಹಣೆಯ ಕುಂಕುಮ ಮಸಿಯಂತೆ ಕಾಣುತ್ತಿತ್ತು. ಇದನ್ನು ಬಲ್ಲವನು ಯಾವ ಸೀರೆ ಉಟ್ಟು ಬರಬೇಕೆಂದು ಮೊದಲೇ ಹೇಳುತ್ತಿದ್ದ, ಬೆಳಕನ್ನು ಅದಕ್ಕೆ ತಕ್ಕಂತೆ ತಿರುಗಿಸುತ್ತಿದ್ದ, ಬಳಿಕ ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ಮೆಲ್ಲಗೆ ತಿದ್ದುತ್ತಿದ್ದ. ಬಲ್ಲದವನು ಮುಖಕ್ಕೆ ಸುಣ್ಣ ಬಳಿದಂತೆ ತಿದ್ದಿ ಕೊಡುತ್ತಿದ್ದ. ಮೊಮ್ಮಕ್ಕಳಿಗೆ ಉಳಿದದ್ದು ಅಜ್ಜಿಯ ಮುಖವಲ್ಲ, ತಿದ್ದಿದವನ ಕೈ. ಇಂದು ಕಂಪ್ಯೂಟರಿನಲ್ಲಿ ಮೈಬಣ್ಣ ಬೆಳ್ಳಗೆ ಮಾಡಿಸುವವರಿಗೂ ಈ ಮಾತು ಸಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಕಾಲ ಮೀರುವ ಮುಂಚೆ ತೆಗೆಸುವುದು. ಬಯಲುಸೀಮೆಯ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸುವ ಪದ್ಧತಿಯಿದೆ. ಛಾಯಾಗ್ರಾಹಕನಿಗೆ ಹೇಳಿ ಕಳಿಸುತ್ತಿದ್ದದ್ದು ಎಷ್ಟೋ ಮನೆಗಳಲ್ಲಿ ಆಗಲೇ. ಬದುಕಿನುದ್ದಕ್ಕೂ ಹೊಲ, ಮಗ್ಗ, ಒಲೆಗಳ ಎದುರು ಕುಳಿತ ಜೀವಕ್ಕೆ ಕ್ಯಾಮೆರಾದ ಎದುರು ಕುಳಿತ ಏಕೈಕ ದಿನ ಅದು. ಮಕ್ಕಳು ಪೂಜಿಸುವ ಚಿತ್ರದಲ್ಲಿ ತಾಯಿಯ ಕಣ್ಣು ಮುಚ್ಚಿರುತ್ತದೆ.

ಇಂಥ ಚಿತ್ರಗಳಿಗೆ ಎಷ್ಟು ಬೆಲೆಯೆಂಬುದು ಬಾಗಲಕೋಟೆಗೆ ಬೇರೆ ರೀತಿಯಲ್ಲೂ ತಿಳಿಯಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರನ್ನು ಮುಟ್ಟಿದಾಗ, ಮನೆ ಕಳೆದುಕೊಂಡವರಿಗಾಗಿ ಎದ್ದದ್ದು ನವನಗರ. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಹೊಸ ಜಿಲ್ಲೆಯ ಕಚೇರಿಗಳಿಗೂ ಅದೇ ನೆಲೆಯಾಯಿತು. ಓಣಿಗಳ ಹೆಸರು ಹೋಗಿ ಸೆಕ್ಟರುಗಳ ಸಂಖ್ಯೆ ಬಂತು. ಮನೆಗೆ ಪರಿಹಾರ ಕಟ್ಟಬಹುದು, ಕಟ್ಟೆಗೆ ಕಟ್ಟಲಾಗದು. ಹಳೆಯ ಪಡಸಾಲೆಯಲ್ಲಿ, ಬಾಗಿಲ ಮುಂದೆ, ಕಟ್ಟೆಯ ಮೇಲೆ ಕುಳಿತು ತೆಗೆಸಿದ ಫೋಟೋ ಇದ್ದ ಮನೆತನಕ್ಕೆ ಊರಿನ ಒಂದು ತುಣುಕಾದರೂ ಉಳಿಯಿತು.

ಹಾಗಾದರೆ ಛಾಯಾಗ್ರಾಹಕನನ್ನು ಆರಿಸುವುದು ಹೇಗೆ? ಸ್ಟುಡಿಯೊದ ಗಾಜಿನ ಕಪಾಟಿನಲ್ಲಿರುವ ಮದುಮಕ್ಕಳ ಚಿತ್ರಕ್ಕಿಂತ ಮುದುಕರ ಚಿತ್ರವನ್ನು ನೋಡಬೇಕು. ಸುಕ್ಕುಗಳನ್ನು ಅಳಿಸದೆ ಗೌರವದಿಂದ ತೋರಿಸಿದವನು ಕಸುಬುದಾರ. ಎಷ್ಟು ಪ್ರತಿ ಕೊಡುತ್ತಾನೆ ಎನ್ನುವುದಕ್ಕಿಂತ ಮೂಲವನ್ನು ಎಷ್ಟು ವರ್ಷ ಕಾಪಾಡುತ್ತಾನೆ ಎಂದು ಕೇಳಬೇಕು. ಹಿಂದೆ ನೆಗೆಟಿವ್ ಸ್ಟುಡಿಯೊದಲ್ಲೇ ಉಳಿಯುತ್ತಿತ್ತು, ಅಂಗಡಿ ಮುಚ್ಚಿದರೆ ಅದರೊಂದಿಗೇ ಹೋಗುತ್ತಿತ್ತು. ಈಗ ಮೊಬೈಲು ಕೆಟ್ಟರೆ ಸಾಕು, ಹತ್ತು ವರ್ಷದ ಚಿತ್ರ ಹೋದಂತೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಭಾವಚಿತ್ರದ ಹಕ್ಕು ಬೇರೆ ಕರಾರು ಇಲ್ಲದಿದ್ದರೆ ತೆಗೆಸಿದವರದೇ. ಮೂಲ ಪ್ರತಿಯನ್ನು ಕೇಳಿ ಪಡೆಯಲು ಸಂಕೋಚ ಬೇಕಿಲ್ಲ. ಕಾಗದದ ಮೇಲೆ ಒಂದು ಪ್ರತಿ ಮಾಡಿಸಿ, ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆದಿಡುವುದು ಮನೆಯವರ ಕೆಲಸ. ಹೆಸರಿಲ್ಲದ ಹಿರಿಯರು ಎರಡೇ ತಲೆಮಾರಿನಲ್ಲಿ ಅಪರಿಚಿತರಾಗುತ್ತಾರೆ.

ಐಹೊಳೆಯ ಗುಡಿ 1855ರಲ್ಲಿ ಹೇಗಿತ್ತೆಂದು ಇಂದು ನೋಡಬಹುದು. ಅದೇ ವರ್ಷ ಆ ಗುಡಿಯ ಪಕ್ಕದಲ್ಲಿ ಬಾಳಿದವರ ಮುಖ ನಮಗೆ ಗೊತ್ತಿಲ್ಲ. ಈಗ ಮನೆಯಲ್ಲಿರುವ ಹಿರಿಯರ ವಿಷಯದಲ್ಲಿ ಹಾಗಾಗಬೇಕಿಲ್ಲ. ಅವರ ಕಣ್ಣು ತೆರೆದಿರುವಾಗಲೇ, ಒಳ್ಳೆಯ ಬೆಳಕಿನಲ್ಲಿ, ಒಬ್ಬ ಒಳ್ಳೆಯ ಕಸುಬುದಾರನನ್ನು ಕರೆಯಬೇಕು, ಅಷ್ಟೆ.