ಕತ್ತರಿ, ಕನ್ನಡಿ ಮತ್ತು ಮನೆಯೊಳಗಿನ ಬೆಳ್ಳಿತೆರೆ

ಸೌದಿ ಅರೇಬಿಯಾದಲ್ಲಿ ಮೂರೂವರೆ ದಶಕಗಳ ಕಾಲ ಸಿನಿಮಾ ನೋಡುವುದೆಂದರೆ ಮನೆಯಲ್ಲಿ ಕುಳಿತು ನೋಡುವುದು ಎಂದೇ ಅರ್ಥವಿತ್ತು. 1979ರ ಮಕ್ಕಾ ಮಸೀದಿಯ ಮುತ್ತಿಗೆಯ ನಂತರ ದೇಶದ ಸಾರ್ವಜನಿಕ ಬದುಕು ಬಿಗಿಯಾಯಿತು. ಅದಕ್ಕೆ ಮೊದಲು ಜಿದ್ದಾದ ಕೆಲವು ಅಂಗಳಗಳಲ್ಲಿ, ಕ್ರೀಡಾ ಕ್ಲಬ್ಬುಗಳಲ್ಲಿ ನಡೆಯುತ್ತಿದ್ದ ಪ್ರದರ್ಶನಗಳೂ ನಿಂತುಹೋದವು. ಮತ್ತೆ ಸಾರ್ವಜನಿಕ ಚಿತ್ರಮಂದಿರ ಬಾಗಿಲು ತೆರೆದದ್ದು 2018ರ ಏಪ್ರಿಲ್ 18ರಂದು, ರಿಯಾದ್‌ನಲ್ಲಿ, 'ಬ್ಲ್ಯಾಕ್ ಪ್ಯಾಂಥರ್' ಚಿತ್ರದೊಂದಿಗೆ. ನಡುವಿನ ಅವಧಿಯಲ್ಲಿ ಇಲ್ಲಿ ದುಡಿದ ನಮ್ಮಂಥವರ ಚಿತ್ರಮಂದಿರ ಯಾವುದೆಂದರೆ ವಿಸಿಆರ್ ಪೆಟ್ಟಿಗೆ, ಬಾಡಿಗೆ ಕ್ಯಾಸೆಟ್ಟು ಮತ್ತು ನೆಲಕ್ಕೆ ಹಾಸಿದ ಕಂಬಳಿ. ಪೂರ್ವ ಪ್ರಾಂತ್ಯದವರಿಗೆ ಇನ್ನೊಂದು ದಾರಿಯಿತ್ತು: 1986ರಲ್ಲಿ ಕಿಂಗ್ ಫಹದ್ ಸೇತುವೆ ತೆರೆದ ಮೇಲೆ ಸಮುದ್ರ ದಾಟಿ ಬಹರೈನ್‌ಗೆ ಹೋಗಿ ಸಿನಿಮಾ ನೋಡಿ ಬರುವುದು. ಆದರೆ ಅದಕ್ಕೆ ಕಾರು ಬೇಕು, ಮರುಪ್ರವೇಶದ ವೀಸಾ ಬೇಕು. ಜುಬೈಲ್‌ನ ಕ್ಯಾಂಪಿನಲ್ಲಿದ್ದ ಉಡುಪಿ, ಭಟ್ಕಳ, ಕಾಸರಗೋಡಿನ ಹುಡುಗರಿಗೆ ಅದೆಲ್ಲಿ?

ಸಿನಿಮಾದ ಈ ಕತೆಗೂ ಕೂದಲಿನ ಕತೆಗೂ ಇಲ್ಲಿ ವಿಚಿತ್ರವಾದ ನಂಟಿದೆ. ಗಂಡಸರ ಕ್ಷೌರದ ಅಂಗಡಿ, ಅಂದರೆ 'ಹಲ್ಲಾಕ್', ಬೀದಿಯಲ್ಲಿ ಗಾಜಿನ ಬಾಗಿಲಿಟ್ಟು ನಡೆಯುತ್ತಿತ್ತು. ಟರ್ಕಿಯವರು, ಪಾಕಿಸ್ತಾನಿಗಳು, ಬಾಂಗ್ಲಾದವರು, ನಮ್ಮವರು ಅಲ್ಲಿ ದುಡಿದರು. ಹೆಂಗಸರ ಸೌಂದರ್ಯದ ಅಂಗಡಿಗೆ ಮಾತ್ರ 'ಮಶ್ಗಲ್' ಎಂಬ ಹೆಸರು. ಪದದ ಅರ್ಥ ಬರೀ ಕೆಲಸದ ಜಾಗ, ಹೊಲಿಗೆಮನೆ. ಒಳಗೇನು ನಡೆಯುತ್ತದೆಂದು ಹೊರಗಿನಿಂದ ಕಾಣಬಾರದು, ಗಂಡಸರಿಗೆ ಪ್ರವೇಶವಿಲ್ಲ. ನಮ್ಮ ಕುಟುಂಬಗಳಲ್ಲಿ ಅಷ್ಟು ಖರ್ಚು ಮಾಡಿ ಮಶ್ಗಲ್‌ಗೆ ಹೋದವರು ಕಡಿಮೆ. ವಾರದ ರಜೆಯ ಹಿಂದಿನ ರಾತ್ರಿ ಯಾರದಾದರೂ ಮನೆಯಲ್ಲಿ ಟಿವಿಯ ಮುಂದೆ ಸೇರಿ, ದಾರ ಹಿಡಿದು ಒಬ್ಬರ ಹುಬ್ಬು ಇನ್ನೊಬ್ಬರು ತೀಡುವುದು, ಗೋರಂಟಿ ಹಚ್ಚುವುದು ನಡೆಯುತ್ತಿತ್ತು. ಹೀಗಾಗಿ ಚಿತ್ರಮಂದಿರವೂ ಬ್ಯೂಟಿ ಪಾರ್ಲರೂ ಒಂದೇ ಹಜಾರದಲ್ಲಿದ್ದವು. ಕೂದಲು ಮತ್ತು ಸೌಂದರ್ಯವನ್ನೇ ವಸ್ತುವಾಗಿಸಿಕೊಂಡ ಚಿತ್ರಗಳನ್ನು ಮನೆಯಲ್ಲಿ ನೋಡಲು ನಮಗಿಂತ ಹಕ್ಕುಳ್ಳವರು ಯಾರಿದ್ದಾರೆ!

ಅರಬ್ ಜಗತ್ತಿನಿಂದಲೇ ಆರಂಭಿಸೋಣ. ಲೆಬನಾನ್‌ನ ನದೀನ್ ಲಬಕಿ 2007ರಲ್ಲಿ ನಿರ್ದೇಶಿಸಿದ 'ಸುಕ್ಕರ್ ಬನಾತ್' ಬೈರೂತ್‌ನ ಒಂದು ಬ್ಯೂಟಿ ಪಾರ್ಲರಿನ ಕತೆ. ಹೊರದೇಶಗಳಲ್ಲಿ ಅದು 'ಕ್ಯಾರಮೆಲ್' ಎಂಬ ಹೆಸರಿನಿಂದ ಪ್ರಸಿದ್ಧ. ಸಕ್ಕರೆ, ನಿಂಬೆರಸ, ನೀರು ಕುದಿಸಿ ಮಾಡಿದ ಪಾಕ ಅರಬ್ ಹೆಂಗಸರು ಬೇಡದ ರೋಮ ಕೀಳಲು ತಲೆತಲಾಂತರದಿಂದ ಬಳಸುವ ವಸ್ತು. ಸಿಹಿಯೂ ಹೌದು, ಕೀಳುವಾಗ ನೋವೂ ಹೌದು. ಆ ಅಂಗಡಿಯ ಹೆಂಗಸರ ಬದುಕೂ ಹಾಗೆಯೇ. ವಿವಾಹಿತನನ್ನು ಪ್ರೀತಿಸುವವಳು, ವಯಸ್ಸಾಗುವುದಕ್ಕೆ ಅಂಜುವವಳು, ಮದುವೆಗೆ ಮೊದಲು ವೈದ್ಯರಿಂದ 'ಕನ್ಯತ್ವ' ಹೊಲಿಸಿಕೊಳ್ಳಲು ಹೋಗುವವಳು. ಕೊಲ್ಲಿಯಲ್ಲಿ ವೃತ್ತಿ ಮಾಡಿದ ಯಾವ ವೈದ್ಯನಿಗೂ ಆ ಭಯ ಅಪರಿಚಿತವಲ್ಲ.

ಸೌದಿಯಲ್ಲಿಯೇ ಪೂರ್ತಿಯಾಗಿ ಚಿತ್ರೀಕರಣಗೊಂಡ ಮೊದಲ ಕಥಾಚಿತ್ರ ಹೈಫಾ ಅಲ್ ಮನ್ಸೂರ್ ಅವರ 'ವಜ್ದಾ' (2012). ರಿಯಾದ್‌ನ ಬೀದಿಯಲ್ಲಿ ಗಂಡಸರ ನಡುವೆ ನಿಂತು ನಿರ್ದೇಶಿಸುವುದು ಕಷ್ಟವಾಗಿ, ಅವರು ವ್ಯಾನಿನೊಳಗೆ ಕುಳಿತು ವಾಕಿಟಾಕಿಯಲ್ಲಿ ಸೂಚನೆ ಕೊಟ್ಟರು. ಎಲ್ಲರೂ ಅದನ್ನು ಸೈಕಲ್ ಬಯಸುವ ಹುಡುಗಿಯ ಕತೆ ಎನ್ನುತ್ತಾರೆ. ನನಗೆ ಮಾತ್ರ ಅದರಲ್ಲಿ ತಾಯಿಯ ಕೂದಲೇ ಮುಖ್ಯ. ಗಂಡನಿಗೆ ಇಷ್ಟವೆಂದು ಉದ್ದ ಬಿಟ್ಟಿದ್ದ ಕೂದಲನ್ನು, ಆತ ಎರಡನೆಯ ಮದುವೆಯಾದ ಮೇಲೆ ಆಕೆ ಕತ್ತರಿಸಿಕೊಂಡಿರುತ್ತಾಳೆ. ಒಂದು ಮಾತೂ ಬೇಕಿಲ್ಲ.

ಅದನ್ನು ಕಂಡಾಗ ಕನ್ನಡದ ಎರಡು ಚಿತ್ರಗಳು ನೆನಪಾಗದೆ ಇರವು. ನಮ್ಮಲ್ಲಿ ಹೆಣ್ಣಿನ ಕೂದಲು ತೆಗೆಯುವುದು ಆಕೆಯ ಇಚ್ಛೆಯಾಗಿರಲಿಲ್ಲ. ಯು. ಆರ್. ಅನಂತಮೂರ್ತಿಯವರ ಕತೆಯನ್ನಾಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ 'ಘಟಶ್ರಾದ್ಧ'ದಲ್ಲಿ ಬಸಿರಾದ ವಿಧವೆ ಯಮುನಕ್ಕನನ್ನು ಬದುಕಿರುವಾಗಲೇ ಸತ್ತವಳೆಂದು ಘೋಷಿಸುತ್ತಾರೆ. ಕೊನೆಯಲ್ಲಿ ಮರದಡಿ ತಲೆ ಬೋಳಿಸಿಕೊಂಡು ಕುಳಿತ ಆಕೆಯನ್ನು ಪುಟ್ಟ ನಾಣಿ ನೋಡುವ ನೋಟವಿದೆಯಲ್ಲ, ಅದು ಒಮ್ಮೆ ಕಂಡವರ ಕಣ್ಣಿಂದ ಹೋಗದು. ಸ್ವರ್ಣಕಮಲ ಗೆದ್ದ ಈ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಇನ್ನೊಂದು, ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ 'ಫಣಿಯಮ್ಮ'. ಬಾಲ್ಯದಲ್ಲೇ ವಿಧವೆಯಾಗಿ, ಮೈನೆರೆದ ಮೇಲೆ ಮುಡಿ ಕಳೆದುಕೊಂಡ ಫಣಿಯಮ್ಮ ಬಾಳೆಲ್ಲ ಬೇರೆಯವರ ಬಾಣಂತನ ಮಾಡುತ್ತಾಳೆ. ಮುಪ್ಪಿನಲ್ಲಿ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ಕೂದಲಿಗೆ ಬಣ್ಣ ಹಚ್ಚಿಕೊಳ್ಳುವುದನ್ನು ಸ್ವಾತಂತ್ರ್ಯವೆಂದು ಹೇಳುವ ನಮ್ಮ ಮೊಮ್ಮಕ್ಕಳಿಗೆ, ಅವರ ಅಜ್ಜಿಯ ಅಜ್ಜಿಯರ ಊರಿನಲ್ಲಿ ಕ್ಷೌರದ ಕತ್ತಿ ಯಾವ ಕೆಲಸಕ್ಕೆ ಬರುತ್ತಿತ್ತೆಂದು ಇವೆರಡು ಚಿತ್ರಗಳಷ್ಟು ಚೆನ್ನಾಗಿ ಯಾವ ಪಾಠವೂ ತಿಳಿಸಲಾರದು.

ಕತ್ತಿ ಹಿಡಿದವನ ಪಾಡೇನು? 2007ರ ಮಲಯಾಳಂ ಚಿತ್ರ 'ಕಥ ಪರಯುಂಬೋಳ್' ಆ ಕಡೆಯಿಂದ ನೋಡುತ್ತದೆ. ಶ್ರೀನಿವಾಸನ್ ಇದರಲ್ಲಿ ಬಡ ಕ್ಷೌರಿಕ ಬಾಲನ್, ಮಮ್ಮುಟ್ಟಿ ಅವನ ಬಾಲ್ಯದ ಗೆಳೆಯನಾದ ತಾರೆ. ಕೃಷ್ಣ ಕುಚೇಲರ ಕತೆಯೇ. ಮರುವರ್ಷ ತಮಿಳಿನಲ್ಲಿ 'ಕುಸೇಲನ್' ಆಯಿತು, 2009ರಲ್ಲಿ ಪ್ರಿಯದರ್ಶನ್ ನಿರ್ದೇಶನದಲ್ಲಿ ಹಿಂದಿಗೆ ಬಂತು. ಹಿಂದಿಯ ಹೆಸರು ಮೊದಲು 'ಬಿಲ್ಲು ಬಾರ್ಬರ್'. 'ಬಾರ್ಬರ್' ಪದ ಅವಮಾನಕರವೆಂದು ಕೇಶವಿನ್ಯಾಸಕರ ಸಂಘದವರು ಆಕ್ಷೇಪಿಸಿದಾಗ ಪೋಸ್ಟರುಗಳಲ್ಲಿ ಆ ಪದವನ್ನು ಮುಚ್ಚಿ 'ಬಿಲ್ಲು' ಎಂದಷ್ಟೇ ಉಳಿಸಿದರು. ಆಗ ನಕ್ಕವರು ಬಹಳ. ನಾನು ನಗಲಿಲ್ಲ. ಊರಿನಲ್ಲಿ ಕ್ಷೌರಿಕನನ್ನು ಹೆಸರು ಹಿಡಿದು ಕರೆಯದೆ ಜಾತಿ ಹಿಡಿದು ಕರೆದ, ಜಗಲಿಯ ಮೇಲಕ್ಕೆ ಹತ್ತಿಸದ ಕಾಲವನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ಬಸವಣ್ಣನವರ ಆಪ್ತನಾಗಿದ್ದ ಹಡಪದ ಅಪ್ಪಣ್ಣನನ್ನು ಆ ಸಮುದಾಯ ಇಂದಿಗೂ ನೆನೆಯುವುದು ಸುಮ್ಮನಲ್ಲ. ವೈದ್ಯರಾದ ನಾವಂತೂ ಅವರ ದಾಯಾದಿಗಳು. ಇಂಗ್ಲೆಂಡಿನಲ್ಲಿ 1540ರಿಂದ 1745ರವರೆಗೆ ಕ್ಷೌರಿಕರೂ ಶಸ್ತ್ರಚಿಕಿತ್ಸಕರೂ ಒಂದೇ ಸಂಘದಲ್ಲಿದ್ದರು. ಬೇರೆಯಾದ ಮೇಲೆ ನಾವು ಮೇಲೇರಿದೆವು, ಅವರನ್ನು ಮರೆತೆವು.

ಕ್ಷೌರಕ್ಕೂ ವೈದ್ಯಕ್ಕೂ ಸೌದಿಯಲ್ಲಿ ಪ್ರತಿವರ್ಷ ಮುಖಾಮುಖಿಯಾಗುವ ಸಮಯವೊಂದಿದೆ. ಹಜ್ ಯಾತ್ರೆಯ ವಿಧಿಯಂತೆ ಗಂಡಸರು ತಲೆ ಬೋಳಿಸಿಕೊಳ್ಳುತ್ತಾರೆ ಅಥವಾ ಕೂದಲು ಕತ್ತರಿಸಿಕೊಳ್ಳುತ್ತಾರೆ. ಕೆಲವೇ ಗಂಟೆಗಳಲ್ಲಿ ಲಕ್ಷಾಂತರ ತಲೆಗಳು. ಪರವಾನಗಿಯಿಲ್ಲದವನು ದಾರಿಬದಿಯಲ್ಲಿ ಒಂದೇ ಬ್ಲೇಡಿನಲ್ಲಿ ಹಲವರ ತಲೆ ಬೋಳಿಸಿದರೆ ಹೆಪಟೈಟಿಸ್ ಬಿ ಮತ್ತು ಸಿ ಹರಡಲು ಅಷ್ಟು ಸಾಕು. ಬಿ ವೈರಸ್ಸು ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು, ರಕ್ತ ಕಣ್ಣಿಗೆ ಕಾಣಬೇಕೆಂದೂ ಇಲ್ಲ. ಆದ್ದರಿಂದಲೇ ಪರವಾನಗಿ ಪಡೆದ ಕ್ಷೌರಿಕರಲ್ಲಿಗೇ ಹೋಗಿ, ಒಬ್ಬರಿಗೆ ಒಂದೇ ಬ್ಲೇಡು ಎಂದು ಆರೋಗ್ಯ ಇಲಾಖೆ ಯಾತ್ರಿಕರಿಗೆ ಹೇಳುತ್ತಲೇ ಇರುತ್ತದೆ. ಈ ವಿಷಯದ ಮೇಲೆ ಯಾರಾದರೂ ಒಂದು ಒಳ್ಳೆಯ ಸಾಕ್ಷ್ಯಚಿತ್ರ ಮಾಡಬೇಕೆಂಬುದು ನನ್ನ ಬಹುದಿನದ ಆಸೆ.

ಕೊನೆಗೆ ನಗುವುದಕ್ಕೊಂದು. ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' (2017) ಮಂಗಳೂರಿನ ಬೋಳುತಲೆಯ ಕನ್ನಡ ಉಪನ್ಯಾಸಕ ಜನಾರ್ದನನಿಗೆ ಹೆಣ್ಣು ಸಿಗದ ಕತೆ. ಮಂಗಳೂರು ಕನ್ನಡದ ಸೊಗಸೇ ಸೊಗಸು. 2019ರಲ್ಲಿ ಹಿಂದಿಯವರು 'ಉಜ್ಡಾ ಚಮನ್' ಎಂದು ಮಾಡಿದರು. ಮೂಲದ ರುಚಿ ಬರಲಿಲ್ಲ. ಇದನ್ನು ನೋಡುವಾಗ ಕೊಲ್ಲಿಯ ಕನ್ನಡಿಗರು 'ಇಲ್ಲಿನ ಉಪ್ಪುನೀರಿನಿಂದಲೇ ನನ್ನ ಕೂದಲು ಹೋಯಿತು' ಎಂದು ಗೊಣಗುವುದುಂಟು. ಗಂಡಸರ ಬೋಳುತನಕ್ಕೆ ಮುಖ್ಯ ಕಾರಣ ವಂಶಪಾರಂಪರ್ಯ ಮತ್ತು ಹಾರ್ಮೋನು. ಹೊಸದಾಗಿ ಬಂದವರ ಕೂದಲು ಎರಡು-ಮೂರು ತಿಂಗಳಲ್ಲಿ ಹಿಡಿಹಿಡಿಯಾಗಿ ಉದುರಿದರೆ ಅದಕ್ಕೆ ಬೇರೆ ವಿವರಣೆಯಿದೆ. ಜ್ವರ, ಹೆರಿಗೆ, ಅತಿಯಾದ ಮನಸ್ತಾಪ ಇವುಗಳ ನಂತರ ಕೂದಲು ಅಷ್ಟೇ ಕಾಲ ತಡೆದು ಉದುರುತ್ತದೆ. ಮನೆಮಂದಿಯನ್ನು ಬಿಟ್ಟು ಬಂದ ಸಂಕಟವೂ ಅದರಲ್ಲಿ ಸೇರಿದೆ. ನೀರಿನ ಮೇಲೆ ಹಾಕುವುದು ಸುಲಭ, ಅಷ್ಟೆ. ಅಂಥ ಉದುರುವಿಕೆ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ.

ಈಗ ಇಲ್ಲಿನ ಮಾಲುಗಳಲ್ಲಿ ಚಿತ್ರಮಂದಿರಗಳಿವೆ. ಆದರೂ 'ಫಣಿಯಮ್ಮ'ನೋ 'ಘಟಶ್ರಾದ್ಧ'ವೋ ಅಲ್ಲಿಗೆ ಬರಲಾರವು, ಮನೆಯಲ್ಲೇ ನೋಡಬೇಕು. ಮಕ್ಕಳೊಂದಿಗೆ ಕೂಡುವುದಾದರೆ 'ವಜ್ದಾ' ಮತ್ತು 'ಬಿಲ್ಲು' ಮೊದಲು. 'ಕ್ಯಾರಮೆಲ್' ಅವರು ಮಲಗಿದ ಮೇಲೆ ಇರಲಿ. 'ಘಟಶ್ರಾದ್ಧ'ಕ್ಕೆ ಒಂದು ರಾತ್ರಿ ಬೇರೆಯೇ ಇಟ್ಟುಕೊಳ್ಳಿ, ಜೊತೆಗೆ ಬೇರೇನನ್ನೂ ಹಾಕಬೇಡಿ.