ಗಡಿನಾಡಿನ ದುಡಿಮೆಗಾರರೂ ವಿಮೆಯ ಕಾಯಿದೆಗಳೂ

ಗಡಿನಾಡಿನ ಕನ್ನಡಿಗರ ಇತಿಹಾಸವೆಂದೊಡನೆ ನಾವು ಶಾಸನ, ದೇವಾಲಯ, ಮಠ, ಪಾಠಶಾಲೆಗಳನ್ನು ನೆನೆಯುತ್ತೇವೆ. ಅದು ಯೋಗ್ಯವೇ ಸರಿ. ಆದರೆ ಈ ಜನರಲ್ಲಿ ಬಹುಮಂದಿ ಗಿರಣಿಯಲ್ಲಿ, ಹತ್ತಿಯ ಜಿನ್ನಿನಲ್ಲಿ, ಚಹಾ-ಕಾಫಿಯ ತೋಟದಲ್ಲಿ, ಬೀಡಿಯ ಮೊರದ ಮುಂದೆ ಆಯುಷ್ಯ ಸವೆಸಿದವರು. ದುಡಿಯುವಾಗ ಕೈ ಹೋದರೆ, ಎದೆಯಲ್ಲಿ ರೋಗ ನಿಂತರೆ, ಜೀವವೇ ಹೋದರೆ, ಅವರ ಮನೆಯವರಿಗೆ ಯಾವ ಆಸರೆಯಿತ್ತು? ಈ ಪ್ರಶ್ನೆಯೂ ಇತಿಹಾಸದ ಪ್ರಶ್ನೆಯೇ. ಅದನ್ನು ಸಂಗ್ರಹವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಸಂಬಳದವರಿಗೆ ಮೊದಲು

ವಿಮೆಯ ನೆರಳು ಮೊದಲು ಬಿದ್ದುದು ಸರ್ಕಾರದ ಸಂಬಳ ಪಡೆಯುವವರ ಮೇಲೆ. ಮೈಸೂರು ಸಂಸ್ಥಾನವು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೧ರಲ್ಲಿ, ತನ್ನ ನೌಕರರಿಗಾಗಿ ಜೀವವಿಮೆಯನ್ನು ಆರಂಭಿಸಿತು. ತಿರುವಾಂಕೂರು ೧೮೯೮ರಲ್ಲಿ ಅದೇ ದಾರಿ ಹಿಡಿಯಿತು. ಹೈದರಾಬಾದಿನ ನಿಜಾಮ ಸರ್ಕಾರ ೧೯೦೭ರಲ್ಲಿ ಕುಟುಂಬ ನಿಧಿಯೊಂದನ್ನು ತೆರೆದು, ೧೯೧೩ರಲ್ಲಿ ಅದನ್ನು ಜೀವವಿಮಾ ನಿಧಿಯಾಗಿ ಮಾರ್ಪಡಿಸಿತು. ಈ ಮೂರೂ ಇಲಾಖೆಗಳು ಹೆಸರನ್ನೂ ರೂಪವನ್ನೂ ಬದಲಿಸಿಕೊಂಡು ಇಂದಿಗೂ ನಡೆದಿವೆ. ಕಾಸರಗೋಡಿನ ಉಪಾಧ್ಯಾಯರೂ ರಾಯದುರ್ಗದ ಉಪಾಧ್ಯಾಯರೂ ತಿಂಗಳ ಸಂಬಳದಲ್ಲಿ ಕಡಿತವಾಗುವ ವಿಮೆಯ ಕಂತಿನ ಮೂಲವನ್ನು ಇಲ್ಲಿಯೇ ಹುಡುಕಬೇಕು. ಸಂಬಳದ ಪಟ್ಟಿಯಲ್ಲಿ ಹೆಸರಿದ್ದವನಿಗೆ ವಿಮೆ ಸುಲಭ. ದಿನಗೂಲಿಯವನಿಗೆ ಪಟ್ಟಿಯೇ ಇರಲಿಲ್ಲ.

೧೯೨೩ರ ಪರಿಹಾರದ ಕಾಯಿದೆ

ಸೊಲ್ಲಾಪುರದ ಮೊದಲ ನೂಲುವ-ನೇಯುವ ಗಿರಣಿ, ಜನರು ಹಳೆಯ ಗಿರಣಿಯೆಂದು ಕರೆದದ್ದು, ೧೮೭೭ರಲ್ಲಿ ಸ್ಥಾಪಿತವಾಯಿತು. ಸುತ್ತಲಿನ ಮರಾಠಿ, ಕನ್ನಡ, ತೆಲುಗು ಮಾತಿನ ಜನರು ಗಿರಣಿಗಳ ಭೋಂಗಾ ಕೂಗಿಗೆ ಏಳುವವರಾದರು. ೧೮೮೧ರ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದಿತು, ಅಪಾಯದ ಯಂತ್ರಗಳಿಗೆ ಬೇಲಿ ಹಾಕಬೇಕೆಂದಿತು. ಆದರೆ ಬೇಲಿಯಿದ್ದೂ ಕೈ ಸಿಕ್ಕಿದವನಿಗೆ ಹಣ ಕೊಡಬೇಕೆಂದು ಹೇಳಲಿಲ್ಲ. ೧೮೫೫ರ ಮಾರಕ ಅಪಘಾತಗಳ ಕಾಯಿದೆಯಂತೆ ದಾವೆ ಹೂಡಬಹುದಿತ್ತು, ಅದಕ್ಕೆ ಯಜಮಾನನ ತಪ್ಪನ್ನು ಕೋರ್ಟಿನಲ್ಲಿ ರುಜುಪಡಿಸಬೇಕಿತ್ತು. ಗಂಡನನ್ನು ಕಳೆದುಕೊಂಡ ಕೂಲಿಯ ಹೆಂಗಸಿಗೆ ಅದು ಹೇಗೆ ಸಾಧ್ಯ?

ಈ ಕಾರಣದಿಂದಲೇ ೧೯೨೩ರ ಕಾರ್ಮಿಕರ ಪರಿಹಾರ ಕಾಯಿದೆ ನಮ್ಮ ದೃಷ್ಟಿಯಲ್ಲಿ ಬಹು ದೊಡ್ಡ ಘಟನೆ. ಅದು ೧೯೨೪ರ ಜುಲೈ ೧ರಿಂದ ಜಾರಿಗೆ ಬಂದಿತು. ತಪ್ಪು ಯಾರದೆಂಬ ಪ್ರಶ್ನೆಯನ್ನು ಅದು ಬಹುಮಟ್ಟಿಗೆ ಬದಿಗಿಟ್ಟಿತು. ಗಾಯವು ಕೆಲಸದಿಂದ, ಕೆಲಸದ ಅವಧಿಯಲ್ಲಿ ಆದುದೇ ಎಂದಷ್ಟೇ ಕೇಳಿತು. ವಯಸ್ಕ ಕಾರ್ಮಿಕ ಸತ್ತರೆ ಮೂವತ್ತು ತಿಂಗಳ ಕೂಲಿ ಅಥವಾ ೨೫೦೦ ರೂಪಾಯಿ, ಪೂರ್ಣವಾಗಿ ಶಾಶ್ವತ ಅಂಗವಿಕಲನಾದರೆ ನಲವತ್ತೆರಡು ತಿಂಗಳ ಕೂಲಿ ಅಥವಾ ೩೫೦೦ ರೂಪಾಯಿ, ಇವುಗಳಲ್ಲಿ ಕಡಿಮೆಯಾದುದು ಪರಿಹಾರ. ತೀರ್ಪು ಕೊಡಲು ಪ್ರತ್ಯೇಕ ಕಮಿಷನರರಿದ್ದರು.

ಆದರೂ ಇದರಲ್ಲಿ ಎರಡು ಕೊರತೆಗಳಿದ್ದವು. ಒಂದು, ರೋಗದ ವಿಷಯ. ಉದ್ಯೋಗದಿಂದ ಬರುವ ರೋಗಗಳೆಂದು ಮೊದಲು ಒಪ್ಪಿದವು ಸೀಸದ ವಿಷದಂತಹ ಕೆಲವೇ ಕೆಲವು; ಹತ್ತಿಯ ದೂಳಿನಿಂದ ಗಿರಣಿಯವರ ಎದೆಗೆ ಬರುವ ಬಿಸಿನೋಸಿಸ್ ಎಂಬ ಕಾಯಿಲೆ ಆ ಪಟ್ಟಿಗೆ ಸೇರಿದುದು ಬಹುಕಾಲದ ಮೇಲೆ. ಎರಡು, ಹಣ ಕೊಡಬೇಕಾದವನು ಯಜಮಾನನೊಬ್ಬನೇ. ಕೇಳಿದವನು ಯಜಮಾನನ ಎದುರಾಳಿಯಾಗುತ್ತಿದ್ದನು. ಕೆಲಸದ ಆಸೆಯುಳ್ಳವನು ಕೇಳದೆ ಸುಮ್ಮನಿರುತ್ತಿದ್ದನು.

೧೯೪೮: ಪರಿಹಾರದಿಂದ ವಿಮೆಗೆ

ಈ ಎರಡನೆಯ ಕೊರತೆಗೆ ವಿಮೆಯೇ ಔಷಧ. ೧೯೪೩ರಲ್ಲಿ ಪ್ರೊ. ಬಿ. ಪಿ. ಅಡಾರ್ಕರ್ ಅವರಿಗೆ ಕಾರ್ಮಿಕರ ಆರೋಗ್ಯವಿಮೆಯ ಯೋಜನೆಯನ್ನು ಸಿದ್ಧಪಡಿಸುವ ಕೆಲಸವನ್ನು ಒಪ್ಪಿಸಲಾಯಿತು. ೧೯೪೪ರಲ್ಲಿ ಅವರು ವರದಿ ಕೊಟ್ಟರು. ಅದನ್ನು ಆಧಾರವಾಗಿಟ್ಟುಕೊಂಡು ೧೯೪೮ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂದಿತು. ೧೯೫೨ರ ಫೆಬ್ರುವರಿ ೨೪ರಂದು ಯೋಜನೆ ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲಾಯಿತು. ಯಜಮಾನನೂ ಕಾರ್ಮಿಕನೂ ವಂತಿಗೆ ಕೊಡುವರು. ನಿಗಮವು ಕಾಯಿಲೆಗೆ ಚಿಕಿತ್ಸೆ, ರಜೆಯ ಕಾಲಕ್ಕೆ ಭತ್ಯ, ಹೆರಿಗೆಗೆ ಭತ್ಯ, ಗಾಯಕ್ಕೆ ಪರಿಹಾರ ಕೊಡುವುದು. ಇಲ್ಲಿ ಕಾರ್ಮಿಕನು ಬೇಡುವವನಲ್ಲ, ಸದಸ್ಯನು. ಈ ಭೇದವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

ಹೊರಗುಳಿದವರ ಪಟ್ಟಿ

ಹೀಗಿರಲು ಗಡಿನಾಡಿಗೆ ಇದರಿಂದ ಎಷ್ಟು ಪ್ರಯೋಜನವಾಯಿತು? ಅಡಾರ್ಕರ್ ಯೋಜನೆ ಬಟ್ಟೆ, ಯಂತ್ರ, ಖನಿಜ-ಲೋಹಗಳ ಕೈಗಾರಿಕೆಗಳನ್ನು ಲಕ್ಷಿಸಿತ್ತು. ವರ್ಷವಿಡೀ ನಡೆಯುವ ಕಾರ್ಖಾನೆಯಲ್ಲಿ ಮಾತ್ರ ವಂತಿಗೆ ತಪ್ಪದೆ ಬರುವುದೆಂಬುದು ಅದರ ಹಿಂದಿನ ತರ್ಕ. ಅದರಂತೆ ಕಾಯಿದೆಯು ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟಿತು. ಅವು ಯಾವುವು? ಹತ್ತಿ ಬಿಡಿಸುವುದು, ಹತ್ತಿ ಅಥವಾ ಸೆಣಬನ್ನು ಒತ್ತುವುದು, ನೆಲಗಡಲೆಯ ಸಿಪ್ಪೆ ಸುಲಿಯುವುದು, ಕಾಫಿ, ನೀಲಿ, ಅರಗು, ರಬ್ಬರು, ಬೆಲ್ಲವೂ ಸೇರಿದಂತೆ ಸಕ್ಕರೆ ಮತ್ತು ಚಹಾ ತಯಾರಿಕೆ.

ಈ ಪಟ್ಟಿಯನ್ನು ಗಡಿನಾಡಿನ ನಕ್ಷೆಯ ಪಕ್ಕದಲ್ಲಿಟ್ಟು ಓದಿ ನೋಡೋಣ. ಹತ್ತಿ ಬಿಡಿಸಿ ಒತ್ತುವ ಊರು ಆದವಾನಿ. ನೆಲಗಡಲೆಯ ಸೀಮೆ ರಾಯದುರ್ಗ, ಮಡಕಶಿರ. ಕಾಫಿ ವಯನಾಡಿನದು, ಚಹಾ ನೀಲಗಿರಿಯದು. ಸಕ್ಕರೆ ಸೊಲ್ಲಾಪುರ ಜಿಲ್ಲೆಯದು. ದೇಶಕ್ಕೆಲ್ಲ ಅನ್ವಯಿಸುವಂತೆ ಬರೆದ ಪಟ್ಟಿಯೊಂದು ನಮ್ಮ ಗಡಿಯ ದುಡಿಮೆಗಳ ಜಾಬಿತೆಯಂತೆಯೇ ಇದೆ. ಇದು ಯಾರ ದುರುದ್ದೇಶವೂ ಅಲ್ಲ. ಬೆಳೆಯನ್ನು ನಂಬಿದ ಸೀಮೆಯ ಕೈಗಾರಿಕೆ ಬೆಳೆಯ ಕಾಲಕ್ಕೆ ನಡೆಯುವುದು ಸಹಜ. ಆದರೆ ಅಪಾಯವು ಋತುಮಾನ ನೋಡುವುದಿಲ್ಲ. ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಹತ್ತಿ ಕೆದರುವ ಯಂತ್ರ ನಡೆಯುವ ಕಡೆ ಹೆಂಗಸರನ್ನೂ ಮಕ್ಕಳನ್ನೂ ದುಡಿಸಬಾರದೆಂದು ೧೯೪೮ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಅಪಾಯವನ್ನು ಒಂದು ಕಾಯಿದೆ ಒಪ್ಪಿತು. ಅದೇ ವರ್ಷದ ಇನ್ನೊಂದು ಕಾಯಿದೆ ವಿಮೆಯ ಬಾಗಿಲನ್ನು ಮುಚ್ಚಿತು. ಅವರಿಗೆ ಉಳಿದುದು ಹಳೆಯ ೧೯೨೩ರ ಪರಿಹಾರ ಮಾತ್ರ. ೧೯೫೩ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದಾಗ ಅಧಿಕಾರಿಗಳು ಬದಲಾದರು, ಈ ಸ್ಥಿತಿ ಬದಲಾಗಲಿಲ್ಲ.

ತೋಟಗಳು

ತೋಟದವರಿಗೆ ೧೯೫೧ರ ತೋಟ ಕಾರ್ಮಿಕರ ಕಾಯಿದೆ ಬೇರೆಯ ದಾರಿ ತೋರಿಸಿತು. ಅಲ್ಲಿ ವಿಮೆಯಿಲ್ಲ; ಆಸ್ಪತ್ರೆ, ವಸತಿ, ಶಾಲೆಗಳ ಹೊಣೆ ತೋಟದ ಯಜಮಾನನದೇ. ಕೀಟನಾಶಕಗಳ ಅಪಾಯದಿಂದ ಕಾರ್ಮಿಕರನ್ನು ಕಾಪಾಡುವ ಅಧ್ಯಾಯವೊಂದು ಆ ಕಾಯಿದೆಗೆ ಸೇರಿದುದು ೨೦೧೦ರಲ್ಲಿ. ಅಷ್ಟರೊಳಗೆ ಕಾಸರಗೋಡಿನಲ್ಲಿ ಆಗಬಾರದ್ದು ಆಗಿಹೋಗಿತ್ತು. ಸರ್ಕಾರಿ ತೋಟ ನಿಗಮದ ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯಂತಹ ಕನ್ನಡ-ತುಳು ಮಾತಿನ ಹಳ್ಳಿಗಳ ಗತಿ ವಾಚಕರಿಗೆ ತಿಳಿದೇ ಇದೆ. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶಾದ್ಯಂತ ತಡೆಯಿತು. ೨೦೧೭ರ ಜನವರಿ ೧೦ರಂದು ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಕಾರ್ಮಿಕರ ಕಾಯಿದೆಗಳು ತೋಟದ ಬೇಲಿಯವರೆಗೆ ಮಾತ್ರ ನೋಡುತ್ತವೆ, ವಿಷವಾದರೋ ಬೇಲಿಯನ್ನು ದಾಟಿ ಬಾವಿಯನ್ನು ಸೇರುತ್ತದೆ.

ಬೀಡಿ

ಗಡಿಯೇ ಅಪಾಯಕ್ಕೆ ಕಾರಣವಾದ ಪ್ರಸಂಗ ಬೀಡಿಯದು. ೧೯೬೬ರಲ್ಲಿ ಸಂಸತ್ತು ಬೀಡಿ ಕಾರ್ಮಿಕರ ಕಾಯಿದೆ ಮಾಡಿತು. ಕೇರಳ ಅದನ್ನು ಜಾರಿಗೆ ತರಲು ಮುಂದಾದಾಗ, ೧೯೬೮ರಲ್ಲಿ, ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಕಣ್ಣೂರು ಜಿಲ್ಲೆಯ ತಮ್ಮ ಶಾಖೆಗಳನ್ನು ಮುಚ್ಚಿ ಹೊರಟವು. ಕಾಸರಗೋಡು ಆಗ ಆ ಜಿಲ್ಲೆಗೇ ಸೇರಿತ್ತು. ಸುಮಾರು ಹನ್ನೆರಡು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ ೧೯೬೯ರಲ್ಲಿ ಕಣ್ಣೂರಿನ ದಿನೇಶ ಬೀಡಿ ಸಹಕಾರ ಸಂಘ ಹುಟ್ಟಿತು. ಒಂದು ಕಡೆ ಕಾಯಿದೆ ಬಿಗಿಯಾದರೆ ಕೆಲಸ ಇನ್ನೊಂದು ಕಡೆಗೆ ಹರಿಯುವುದೆಂಬ ಪಾಠ ಇಲ್ಲಿದೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರಿಗೂ ನೆರವಾಗಲೆಂದು ೧೯೭೬ರಲ್ಲಿ ತೆರಿಗೆಯೊಂದರಿಂದ ಕಲ್ಯಾಣನಿಧಿ ಏರ್ಪಟ್ಟಿತು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಪ್ರತ್ಯೇಕ ತೆರಿಗೆ ನಿಂತಿತು.

ಇಂದಿನ ಸ್ಥಿತಿ

೨೦೨೫ರ ನವೆಂಬರ್ ೨೧ರಂದು ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ೧೯೨೩ರ ಮತ್ತು ೧೯೪೮ರ ಈ ಎರಡೂ ಕಾಯಿದೆಗಳು ಅದರಲ್ಲಿ ಲೀನವಾದವು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಕೆಲಸಕ್ಕೆ ಸಂಬಂಧವಿದ್ದು ಆದ ಅಪಘಾತವೂ ಈಗ ಪರಿಹಾರಕ್ಕೆ ಅರ್ಹ. ತೋಟದ ಯಜಮಾನರು ಇಷ್ಟಪಟ್ಟರೆ ರಾಜ್ಯ ವಿಮೆಗೆ ಸೇರಬಹುದು. ಆದರೆ ಋತುಮಾನದ ಕಾರ್ಖಾನೆ ಈ ಹೊಸ ಸಂಹಿತೆಯಲ್ಲಿಯೂ ವಿಮೆಯ ಹೊರಗೇ ಉಳಿದಿದೆ. ಏಳು ದಶಕಗಳು ಕಳೆದರೂ ಜಿನ್ನಿನ ಕೂಲಿಯವಳು ಬಾಗಿಲ ಹೊರಗೆಯೇ ನಿಂತಿದ್ದಾಳೆ.

ಕೊನೆಯದಾಗಿ ಭಾಷೆಯ ಮಾತು. ಕಾರ್ಖಾನೆಯ ಸೂಚನೆಗಳು ಇಂಗ್ಲಿಷಿನಲ್ಲಿಯೂ ಅಲ್ಲಿನ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ೧೯೪೮ರ ಕಾರ್ಖಾನೆ ಕಾಯಿದೆ ಹೇಳಿತ್ತು. ನಿಯಮ ಒಳ್ಳೆಯದೇ. ಆದರೆ ಹಲವು ಮಾತಿನವರು ಕೂಡಿ ದುಡಿಯುವ ಗಡಿಯಲ್ಲಿ ಕನ್ನಡಿಗರು ಕೆಲವರೇ ಆದ ಕಡೆ, ಅಪಾಯದ ಎಚ್ಚರಿಕೆಯೂ ಪರಿಹಾರದ ವಿವರವೂ ಅವರಿಗೆ ಅನ್ಯಭಾಷೆಯವೇ ಆಗಿದ್ದವು. ಹಳೆಯ ಪರಿಹಾರ ಕಾಯಿದೆಯಂತೆ ಅರ್ಜಿಗೆ ಎರಡು ವರ್ಷದ ಗಡುವಿತ್ತು; ಓದಲಾರದವನಿಗೆ ಗಡುವು ಗೊತ್ತಾಗುವುದು ಅದು ಕಳೆದ ಮೇಲೆ.

ಇಲ್ಲಿ ಉಪಾಧ್ಯಾಯರಿಗೆ ಎರಡು ಕೆಲಸಗಳಿವೆಯೆಂದು ನಾವು ಭಾವಿಸುತ್ತೇವೆ. ಜಿನ್ನು, ಗಿರಣಿ, ತೋಟಗಳಲ್ಲಿ ದುಡಿದ ಹಿರಿಯರಿಂದ ಅಪಘಾತ, ಕಾಯಿಲೆ, ಪರಿಹಾರಗಳ ಸಂಗತಿಯನ್ನು ಕೇಳಿ ಬರೆದಿಡುವುದು ಒಂದು. ಅವರು ಹೋದರೆ ಆ ಇತಿಹಾಸ ಹೋದಂತೆಯೇ. ಇಂದಿನ ಹಕ್ಕುಗಳನ್ನು ಮಕ್ಕಳ ತಂದೆತಾಯಿಗಳಿಗೆ ಕನ್ನಡದಲ್ಲಿ ತಿಳಿಸುವುದು ಇನ್ನೊಂದು. ಮೊದಲನೆಯದು ಸಂಶೋಧನೆ, ಎರಡನೆಯದು ಸೇವೆ. ಸಂಬಳದ ಪಟ್ಟಿಯಲ್ಲಿ ಹೆಸರಿದ್ದು, ನೂರು ವರ್ಷಗಳಿಗೂ ಹಿಂದೆ ಹುಟ್ಟಿದ ವಿಮೆಯ ನೆರಳಿನಲ್ಲಿರುವ ನಾವು ಇವೆರಡಕ್ಕೂ ಬಾಧ್ಯರು.