ಜಿಲೆಟಿನ್ ‘ಸ್ವಲ್ಪವೇ’ ಇದ್ದರೂ ಗಾಡಿಗೆ ಬೋರ್ಡ್ ಬೇಕಾ?

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನಲ್ಲಿ ಕಲ್ಲು ಕ್ವಾರಿ ಬಳಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿಯಿತು. ದೂರದೂರದ ಊರುಗಳಲ್ಲಿ ಜನ ಭೂಕಂಪ ಅಂದುಕೊಂಡು ಮನೆಯಿಂದ ಹೊರಗೆ ಓಡಿಬಂದರು. ಮರು ತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸ್ಫೋಟಿಸಿ 6 ಮಂದಿ ಸತ್ತರು. ಎರಡೂ ಸಲ ಚರ್ಚೆ ನಡೆದದ್ದು ಅಕ್ರಮ ಗಣಿಗಾರಿಕೆಯ ಬಗ್ಗೆ. ಅದು ಬೇಕಾದ ಚರ್ಚೆಯೇ. ಆದರೆ ಇನ್ನೊಂದು ಪ್ರಶ್ನೆ ಹಾಗೇ ಉಳಿಯಿತು: ನಮ್ಮ ಪಕ್ಕದಲ್ಲಿ ಹೋಗುವ ಗಾಡಿಯಲ್ಲಿ ಸ್ಫೋಟಕ ಇದೆ ಅಂತ ನಮಗೆ ಗೊತ್ತಾಗುವುದು ಹೇಗೆ?

ಅದಕ್ಕೆ ನಿಯಮ ಇದೆ. ಓದಿದವರು ಕಡಿಮೆ, ಅಷ್ಟೇ.

ಬೋರ್ಡ್‌ನಲ್ಲಿ ಏನಿರಬೇಕು?

ಸ್ಫೋಟಕ ಸಾಗಣೆಗೆ ನಮ್ಮಲ್ಲಿ ಎರಡು ಕಾನೂನು ಒಟ್ಟಿಗೆ ಅನ್ವಯವಾಗುತ್ತವೆ. ಒಂದು, 1884ರ ಸ್ಫೋಟಕ ಕಾಯ್ದೆ ಮತ್ತು ಅದರಡಿಯ 2008ರ ನಿಯಮಗಳು. ಸ್ಫೋಟಕ ಸಾಗಿಸುವ ವ್ಯಾನ್‌ಗೆ ಲೈಸೆನ್ಸ್ ಕೊಡುವುದು ಇದರಡಿ. ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ‘ಪೆಸೊ’ ಸಂಸ್ಥೆ. ಇನ್ನೊಂದು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಬೋರ್ಡಿನ ವಿಷಯ ಇರುವುದು ಇದರ 129ರಿಂದ 137ರವರೆಗಿನ ನಿಯಮಗಳಲ್ಲಿ.

ನಿಯಮ 134ರ ಪ್ರಕಾರ ಗಾಡಿಯ ಎರಡೂ ಬದಿಗೆ ಮತ್ತು ಹಿಂದಕ್ಕೆ, ಒಟ್ಟು ಮೂರು ಕಡೆ ತುರ್ತು ಮಾಹಿತಿ ಫಲಕ ಇರಬೇಕು. ಫಲಕದಲ್ಲಿ ಇರಬೇಕಾದ್ದು:

– ಸರಕಿನ ಸರಿಯಾದ ತಾಂತ್ರಿಕ ಹೆಸರು, ಕನಿಷ್ಠ 50 ಮಿ.ಮೀ. ಎತ್ತರದ ಅಕ್ಷರದಲ್ಲಿ
– ವಿಶ್ವಸಂಸ್ಥೆಯ ವರ್ಗ ಸಂಖ್ಯೆ, ಕನಿಷ್ಠ 100 ಮಿ.ಮೀ. ಎತ್ತರದಲ್ಲಿ
– ಕನಿಷ್ಠ 250 ಮಿ.ಮೀ. ಚೌಕದ ವರ್ಗದ ಲೇಬಲ್
– ತುರ್ತು ಸೇವೆಯ ಮತ್ತು ಸರಕಿನ ಬಗ್ಗೆ ಸಲಹೆ ಕೊಡಬಲ್ಲವರ ಹೆಸರು, ಫೋನ್ ನಂಬರ್

ಸ್ಫೋಟಕಕ್ಕೆ ಸಿಗುವುದು 1ನೇ ವರ್ಗ. ಅದರ ಗುರುತು ಕಿತ್ತಳೆ ಬಣ್ಣದ ವಜ್ರಾಕಾರದ ಲೇಬಲ್, ಮೇಲೆ ಸಿಡಿಯುತ್ತಿರುವ ಬಾಂಬಿನ ಚಿತ್ರ.

ಅಂಕಿ ಏನು ಹೇಳುತ್ತದೆ?

1ನೇ ವರ್ಗದಲ್ಲಿ ಆರು ವಿಭಾಗಗಳಿವೆ. 1.1 ಅಂದರೆ ಸರಕು ಒಂದೇ ಏಟಿಗೆ ಪೂರ್ತಿ ಸಿಡಿಯಬಲ್ಲದು. ಕ್ವಾರಿಯ ಜಿಲೆಟಿನ್ ಸಾಮಾನ್ಯವಾಗಿ ಇಲ್ಲಿಗೆ ಸೇರುತ್ತದೆ. 1.2ರಲ್ಲಿ ಚೂರುಗಳು ಹಾರುವ ಅಪಾಯ, 1.3ರಲ್ಲಿ ಮುಖ್ಯವಾಗಿ ಬೆಂಕಿಯ ಅಪಾಯ. 1.4 ಸಣ್ಣ ಅಪಾಯದ್ದು, ಹಲವು ಪಟಾಕಿಗಳು ಇದರಲ್ಲಿವೆ. 1.5 ಮತ್ತು 1.6 ಸುಲಭಕ್ಕೆ ಸಿಡಿಯದ ವಸ್ತುಗಳು. 1.4ರಿಂದ 1.6ರವರೆಗೆ ಬಾಂಬಿನ ಚಿತ್ರ ಇರುವುದಿಲ್ಲ, ಅಂಕಿ ಮಾತ್ರ.

ಈ ಅಂಕಿ ಸುಮ್ಮನೆ ಅಲಂಕಾರಕ್ಕಲ್ಲ. ಉತ್ತರ ಅಮೆರಿಕದ ಅಗ್ನಿಶಾಮಕರು ಬಳಸುವ ತುರ್ತು ಕೈಪಿಡಿಯಲ್ಲಿ, 1.1ರ ಸರಕಿಗೆ ಬೆಂಕಿ ತಗುಲುವಂತಿದ್ದರೆ ನಾಲ್ಕೂ ದಿಕ್ಕಿಗೆ 1,600 ಮೀಟರ್ ಖಾಲಿ ಮಾಡಿಸಿ ಅಂತಿದೆ. 1.4ಕ್ಕೆ 500 ಮೀಟರ್. ಸರಕಿಗೇ ಬೆಂಕಿ ಹತ್ತಿದ್ದರೆ ನಂದಿಸಲು ಹೋಗಲೇಬೇಡಿ ಅನ್ನುತ್ತದೆ. ಅಂದರೆ ಒಂದು ಅಂಕಿ ಕಾಣದಿದ್ದರೆ ಒಂದು ಕಿಲೋಮೀಟರ್‌ಗಿಂತ ಹೆಚ್ಚಿನ ತಪ್ಪು ಲೆಕ್ಕ.

‘ಸ್ವಲ್ಪ’ ಅಂದರೆ ಎಷ್ಟು?

ಯುರೋಪಿನ ದೇಶಗಳು ಪಾಲಿಸುವ ಎಡಿಆರ್ ಒಪ್ಪಂದದಲ್ಲಿ 1.1ರ ಬಹುತೇಕ ಸ್ಫೋಟಕಗಳು 20 ಕೆ.ಜಿ. ಮೀರದಿದ್ದರೆ ಗಾಡಿಗೆ ಫಲಕ ಕಡ್ಡಾಯವಲ್ಲ. ಈ 20 ಕೆ.ಜಿ. ಪೆಟ್ಟಿಗೆಯ ತೂಕವಲ್ಲ, ಒಳಗಿನ ಸ್ಫೋಟಕದ ನಿವ್ವಳ ತೂಕ. ಫಲಕಕ್ಕೆ ವಿನಾಯಿತಿ ಸಿಕ್ಕರೂ ಸರಿಯಾದ ಪ್ಯಾಕಿಂಗ್ ಮತ್ತು ಬೆಂಕಿ ನಂದಿಸುವ ಸಾಧನ ಇರಲೇಬೇಕು. ಅಮೆರಿಕದಲ್ಲಿ ಇನ್ನೂ ಬಿಗಿ: 1.1, 1.2, 1.3 ಎಷ್ಟೇ ಇರಲಿ, ಫಲಕ ಬೇಕು. 1.4ರಿಂದ 1.6ರವರೆಗೆ ಮಾತ್ರ, ರಸ್ತೆ ಸಾಗಣೆಯಲ್ಲಿ ಒಟ್ಟು ತೂಕ 454 ಕೆ.ಜಿ.ಗಿಂತ ಕಡಿಮೆ ಇದ್ದರೆ ವಿನಾಯಿತಿ.

ನಮ್ಮ ನಿಯಮ 134 ಹೇಳುವುದು ‘ಯಾವುದೇ’ ಅಪಾಯಕಾರಿ ಸರಕು ಸಾಗಿಸುವ ‘ಪ್ರತಿಯೊಂದು’ ಸರಕು ವಾಹನ ಅಂತ. ಹಾಗಾದರೆ ಜೀಪು, ಕಾರು? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(14) ಓದಿ. ಸರಕಿಗೆಂದೇ ತಯಾರಾಗದ ವಾಹನವೂ ಸರಕು ಸಾಗಿಸುವಾಗ ‘ಸರಕು ವಾಹನ’ವೇ. ಹಾಗಾಗಿ ‘ಒಂದೇ ಬಾಕ್ಸ್ ಇತ್ತು ಸಾರ್, ನಮ್ಮ ಸ್ವಂತ ಜೀಪು’ ಅನ್ನುವುದು ಈ ನಿಯಮದ ಮುಂದೆ ನಿಲ್ಲುವ ವಾದವಲ್ಲ.

ಕಳ್ಳರಿಗೂ ತಿಳಿಯುತ್ತಲ್ಲ?

ಫಲಕ ಹಾಕಿದರೆ ಕದಿಯುವವರಿಗೆ ದಾರಿ ತೋರಿಸಿದಂತೆ ಅನ್ನುವ ವಾದ ಹಳೆಯದು, ಪೂರ್ತಿ ಪೊಳ್ಳೂ ಅಲ್ಲ. ಆದರೆ ಕಳ್ಳತನ ತಡೆಯಲು ಕಾವಲು ಇದೆ, ಬೀಗ ಇದೆ, ಲೈಸೆನ್ಸ್ ಇದೆ. ಅಪಘಾತದ ಸ್ಥಳಕ್ಕೆ ಮೊದಲು ತಲುಪುವವರಿಗೆ ಇರುವುದು ಆ ಫಲಕ ಒಂದೇ.

1988ರ ನವೆಂಬರ್ 29ರಂದು ಅಮೆರಿಕದ ಕಾನ್ಸಾಸ್ ಸಿಟಿಯ ರಸ್ತೆ ಕಾಮಗಾರಿ ಜಾಗಕ್ಕೆ ಬೆಂಕಿ ಆರಿಸಲು ಹೋದ 6 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆ ಜಾಗದಲ್ಲಿ ಸ್ಫೋಟಕ ಇದೆ ಅನ್ನುವ ಎಚ್ಚರಿಕೆ ಅವರಿಗೆ ಸಿಕ್ಕಿತ್ತು. ಎದುರಿಗೆ ಉರಿಯುತ್ತಿರುವ ಟ್ರೇಲರ್‌ನಲ್ಲೇ ಇದೆ ಅಂತ ಗೊತ್ತಿರಲಿಲ್ಲ. ಅದು ನಿಲ್ಲಿಸಿಟ್ಟ ಗೋದಾಮು, ಓಡುವ ಗಾಡಿಯಲ್ಲ, ನಿಜ. ಆದರೆ ‘ಇಲ್ಲೆಲ್ಲೋ ಇದೆ’ ಮತ್ತು ‘ಇದರಲ್ಲೇ ಇದೆ’ ಎರಡರ ನಡುವಿನ ಅಂತರವೇ ಫಲಕದ ಕೆಲಸ. ಅದಕ್ಕೇ ಸರಕು ಇಳಿಸಿದ ಮೇಲೆ ಫಲಕವನ್ನು ತೆಗೆಯಬೇಕು ಅಥವಾ ಮುಚ್ಚಬೇಕು ಅನ್ನುತ್ತದೆ ಎಡಿಆರ್. ಖಾಲಿ ಗಾಡಿಗೂ ಬೋರ್ಡ್ ಇದ್ದರೆ ನಾಳೆ ಯಾರೂ ಬೋರ್ಡ್ ನಂಬಲ್ಲ.

ನಾವು ಕೇಳಬೇಕಾದ್ದು

ಅಪಾಯಕಾರಿ ಸರಕಿನ ಚಾಲಕನಿಗೆ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷ್ ಓದಲು, ಬರೆಯಲು ಬರಬೇಕು ಅನ್ನುತ್ತದೆ ನಿಯಮ 9. ಮೂರು ದಿನಗಳ ತರಬೇತಿಯೂ ಆಗಿರಬೇಕು. ಸರಿ. ಗಾಡಿ ಮಗುಚಿದಾಗ ಮೊದಲು ಓಡಿಬರುವ ಹೊಲದವನ ಬಗ್ಗೆ ಯಾರು ಯೋಚಿಸಿದ್ದಾರೆ? ಕಿತ್ತಳೆ ವಜ್ರಕ್ಕೆ ಭಾಷೆ ಬೇಡ, ಆದರೆ ಅದರ ಅರ್ಥ ಯಾರಾದರೂ ಒಮ್ಮೆ ಹೇಳಿಕೊಟ್ಟಿರಬೇಕು. ಸರಕಿನ ಹೆಸರು ಕನ್ನಡದಲ್ಲೂ ಇರಬೇಕು, ಕ್ವಾರಿ ಇರುವ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಈ ಲೇಬಲ್‌ನ ಚಿತ್ರ ಇರಬೇಕು ಅನ್ನುವುದು ನನ್ನ ಬೇಡಿಕೆ. ಖರ್ಚು ಒಂದು ಡಬ್ಬ ಪೇಂಟ್.

ಅಲ್ಲಿಯವರೆಗೆ ಇಷ್ಟು ನೆನಪಿಡಿ: ಕಿತ್ತಳೆ ವಜ್ರ ಇರುವ ಗಾಡಿಯಲ್ಲಿ ಹೊಗೆ ಕಂಡರೆ ವಿಡಿಯೊ ಮಾಡಲು ನಿಲ್ಲಬೇಡಿ. ಮೊದಲು ದೂರ ಹೋಗಿ, ಜೊತೆಯವರನ್ನೂ ಕರೆದೊಯ್ಯಿರಿ, ಆಮೇಲೆ 112ಕ್ಕೆ ಫೋನ್ ಮಾಡಿ ಫಲಕದಲ್ಲಿ ಕಂಡ ಅಂಕಿ ಹೇಳಿ.